ಬರೆದುಕೊಂಡು ಹೋದವರು ಮರಳಿ ಬಂದು ಓದಿ ಹೇಳಲಿ

(ಕಾರವಾರ ಮತ್ತು ಅಂಕೋಲಾ ತಾಲೂಕುಗಳ ಮಹಿಳಾ ಸ್ವ-ಸಹಾಯ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ ಮಾಡಿದ ಭಾಷಣ)



ನಿಮ್ಮಲ್ಲಿ ಮೀನು ಪೇಟೆ ಮುಗಿಸಿ ಬಂದವರಿದ್ದೀರಿ, ಗದ್ದೆ ಕೆಲಸ ಬಿಟ್ಟು ಬಂದವರಿದ್ದೀರಿ. ಬಸ್ಸಿಗಾಗಿ ಬೆಳಿಗ್ಗೆ ಆರಕ್ಕೇ ಮನೆ ಬಿಟ್ಟವರೂ ಇದ್ದೀರಿ. ನಿಮ್ಮ ಒಂದು ದಿನಕ್ಕೆ ಬೆಲೆ ಇದೆ. ಆದ್ದರಿಂದ ಉದ್ದ ಪೀಠಿಕೆ ಹಾಕದೆ ನೇರವಾಗಿ ವಿಷಯಕ್ಕೆ ಬರುತ್ತೇನೆ.

ನಮ್ಮ ಒಕ್ಕೂಟಕ್ಕೆ ಒಂದು ಪತ್ರ ಬಂದಿದೆ. ದೊಡ್ಡ ಊರಿನ ಒಂದು ತಂಡದವರು ನಮ್ಮ ಹಳ್ಳಿಗಳ ಮಕ್ಕಳ ಓದು-ಬರಹದ ಬಗ್ಗೆ ಅಧ್ಯಯನ ಮಾಡಲು ಬರುತ್ತಾರಂತೆ. ಮನೆ ತೋರಿಸಲು, ತಾಯಂದಿರನ್ನು ಸೇರಿಸಲು, ಮಾತು ತಿಳಿಸಿ ಹೇಳಲು ಸಂಘದ ಸದಸ್ಯೆಯರು ಸಹಕರಿಸಬೇಕಂತೆ. ಮುಂದಿನ ಸಭೆಯಲ್ಲಿ ನಾವು ಇದಕ್ಕೆ ಉತ್ತರ ಕೊಡಬೇಕು. ಹೂಂ ಎನ್ನಬೇಕೋ ಬೇಡವೋ ಎಂದು ನಾನು ಹೇಳುವುದಿಲ್ಲ, ಅದು ನಿಮ್ಮ ತೀರ್ಮಾನ. ಆದರೆ ತೀರ್ಮಾನಕ್ಕೆ ಮುಂಚೆ ಕೇಳಬೇಕಾದ ಕೆಲವು ಮಾತುಗಳಿವೆ. ಅವನ್ನು ಹೇಳಲು ನಿಂತಿದ್ದೇನೆ.

ನನ್ನದೇ ಒಂದು ತಪ್ಪು

ಬೇರೆಯವರ ಮೇಲೆ ಬೆರಳು ತೋರಿಸುವ ಮೊದಲು ನನ್ನ ಕತೆ ಹೇಳುತ್ತೇನೆ. ಸುಮಾರು 28 ವರ್ಷಗಳ ಹಿಂದೆ ನಾನು ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಓದುತ್ತಿದ್ದೆ. ಪದವಿಗೆ ಒಂದು ಪ್ರಬಂಧ ಬರೆಯಬೇಕಿತ್ತು. ಹೆಣ್ಣುಮಕ್ಕಳು ಯಾಕೆ ಶಾಲೆ ಬಿಡುತ್ತಾರೆ ಎಂಬ ವಿಷಯ ತೆಗೆದುಕೊಂಡು ಅಂಕೋಲಾ ತಾಲೂಕಿನ ಒಂದು ಹಾಲಕ್ಕಿ ಕೊಪ್ಪಕ್ಕೆ ಹೋದೆ. 60 ಮನೆ, 42 ಪ್ರಶ್ನೆ. ಅಲ್ಲಿಯ ಅಂಗನವಾಡಿ ಅಕ್ಕೋರು ಎಂಟು ದಿನ ನನ್ನ ಜೊತೆ ಬಿಸಿಲಲ್ಲಿ ನಡೆದರು. ಹೋದ ಮನೆಯಲ್ಲೆಲ್ಲ ಬೆಲ್ಲ-ನೀರು ಕೊಟ್ಟು ಚಾಪೆ ಹಾಸಿದರು.

ನಾನು ಏನು ಬರೆದೆ ಗೊತ್ತಾ? "ಪಾಲಕರಿಗೆ ಶಿಕ್ಷಣದ ಮಹತ್ವದ ಅರಿವಿಲ್ಲ." ನನಗೆ ಒಳ್ಳೆಯ ಅಂಕ ಬಂತು, ಪದವಿಯೂ ಬಂತು.

ಒಂಬತ್ತು ವರ್ಷ ಕಳೆದು ಸಂಘ ಕಟ್ಟುವ ಕೆಲಸಕ್ಕೆ ಅದೇ ಕೊಪ್ಪಕ್ಕೆ ಹೋದೆ. ಒಬ್ಬ ಅಜ್ಜಿ ನನ್ನ ಗುರುತು ಹಿಡಿದರು. "ಸಿಸ್ಟರ್, ಅವತ್ತು ಬರ್ಕಂಡು ಹೋದ್ರಲ್ಲ, ಅದ್ರಲ್ಲಿ ನಮ್ಮ ಸಂಕದ ವಿಷ್ಯ ಬರದಿದ್ರಾ?" ಅಂತ ಕೇಳಿದರು.

ಯಾವ ಸಂಕ? ಆಮೇಲೆ ತಿಳಿಯಿತು. ಐದನೇ ಇಯತ್ತೆಯ ಶಾಲೆ ಹಳ್ಳದ ಆಚೆ ಇತ್ತು. ಮಳೆಗಾಲದಲ್ಲಿ ಎರಡು ಅಡಿಕೆ ಮರ ಕಟ್ಟಿದ ಕಾಲುಸಂಕ ದಾಟಿ ಹೋಗಬೇಕಿತ್ತು. ಒಂದು ವರ್ಷ ಅದು ತೇಲಿ ಹೋಯಿತು. ಜೂನಿನಿಂದ ಸಪ್ಟೆಂಬರ್ ತನಕ ಮಕ್ಕಳನ್ನು ಕಳಿಸಲು ತಾಯಂದಿರಿಗೆ ಜೀವ ಒಪ್ಪಲಿಲ್ಲ. ನಾಲ್ಕು ತಿಂಗಳು ಬಿಟ್ಟ ಹುಡುಗಿ ಮತ್ತೆ ಹೋಗಲು ನಾಚಿಕೊಂಡಳು. ಇದು ಆ 60 ಮನೆಗೂ ಗೊತ್ತಿತ್ತು, ಅಂಗನವಾಡಿ ಅಕ್ಕೋರಿಗೂ ಗೊತ್ತಿತ್ತು. ನನ್ನ 42 ಪ್ರಶ್ನೆಗಳಲ್ಲಿ ಸಂಕದ ಪ್ರಶ್ನೆ ಇರಲಿಲ್ಲ. ಅಕ್ಕೋರಿಗೆ "ನಿಮಗೆ ಏನನ್ನಿಸುತ್ತದೆ?" ಎಂದು ನಾನು ಒಂದು ಸಲವೂ ಕೇಳಲಿಲ್ಲ. ಮನೆ ತೋರಿಸಲಿಕ್ಕೆ ಮಾತ್ರ ಕರೆದುಕೊಂಡು ಹೋಗಿದ್ದೆ. ಪ್ರಬಂಧದಲ್ಲಿ ಅವರ ಹೆಸರೂ ಇಲ್ಲ.

ನನಗೆ ಪದವಿ ಸಿಕ್ಕಿತು. ಆ ತಾಯಂದಿರಿಗೆ "ಅರಿವಿಲ್ಲದವರು" ಎಂಬ ಹೆಸರು ಸಿಕ್ಕಿತು. ನಾನು ಕೆಟ್ಟ ಮನಸ್ಸಿನಿಂದ ಹೋಗಿರಲಿಲ್ಲ. ಆದರೆ ಪೆನ್ನು ನನ್ನ ಕೈಯಲ್ಲಿತ್ತು. ಅಧಿಕಾರ ಅಂದರೆ ಅದೇ.

ಸಂಘದ ಪುಸ್ತಕ ಮತ್ತು ಅವರ ಪುಸ್ತಕ

ನಮ್ಮ ಸಂಘದ ಲೆಕ್ಕದ ಪುಸ್ತಕ ನೆನಪಿಸಿಕೊಳ್ಳಿ. ಹತ್ತು ರೂಪಾಯಿ ಉಳಿತಾಯವನ್ನೂ ಬರೆದು, ಸಭೆಯಲ್ಲಿ ಓದಿ, ಸಹಿ ಅಥವಾ ಹೆಬ್ಬೆಟ್ಟು ಹಾಕುತ್ತೇವೆ. ಒಬ್ಬ ಪ್ರತಿನಿಧಿ ಪುಸ್ತಕವನ್ನು ಮನೆಗೆ ಒಯ್ದು ತೋರಿಸಲೇ ಇಲ್ಲ ಅಂದರೆ ನಾವು ಸುಮ್ಮನಿರುತ್ತೇವಾ? ಜಗಳವೇ ಆಗುತ್ತದೆ. ಹತ್ತು ರೂಪಾಯಿಗೆ ಇಷ್ಟು ಜಾಗ್ರತೆ. ನಮ್ಮ ಮಕ್ಕಳ ಬಗ್ಗೆ, ನಮ್ಮ ಜಾತಿಯ ಬಗ್ಗೆ, ಮನೆಯ ಕಷ್ಟದ ಬಗ್ಗೆ ಯಾರೋ ಬರೆದುಕೊಂಡು ಹೋದರೆ ಮಾತ್ರ ಪುಸ್ತಕ ತೋರಿಸಿ ಎಂದು ಕೇಳುವುದಿಲ್ಲ. ಯಾಕೆ? ಅವರು ಕಲಿತವರು, ನಾವು ಕಲಿಯದವರು ಎಂಬ ಅಂಜಿಕೆ.

ಆದರೆ ಕಲಿಯದವರು ಯಾರು? ಅಂಕೋಲಾದ ಹೊನ್ನಳ್ಳಿಯ ತುಳಸಿ ಗೌಡರು ಶಾಲೆ ಮೆಟ್ಟಿಲು ಹತ್ತಿರಲಿಲ್ಲ. ಯಾವ ಮರದ ಬೀಜ ಯಾವಾಗ ಆರಿಸಬೇಕು, ಹೇಗೆ ಮೊಳಕೆ ಬರಿಸಬೇಕು ಎಂದು ಅರಣ್ಯ ಇಲಾಖೆಯವರು ಅವರಿಂದ ಕಲಿತರು. ಆದರೂ ದಶಕಗಳ ಕಾಲ ಅವರು ನರ್ಸರಿಯಲ್ಲಿ ದಿನಗೂಲಿಯಾಗಿದ್ದರು. 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. ಬಡಿಗೇರಿಯ ಸುಕ್ರಿ ಬೊಮ್ಮಗೌಡರ ನೆನಪಿನಲ್ಲಿದ್ದ ಹಾಲಕ್ಕಿ ಹಾಡುಗಳನ್ನು ಕೇಳಲು ಎಷ್ಟೋ ವಿದ್ವಾಂಸರು ಬಂದರು. ಅವರಿಗೆ 2017ರಲ್ಲಿ ಪದ್ಮಶ್ರೀ ಸಿಕ್ಕಿತು. ತುಳಸಜ್ಜಿ 2024ರ ಡಿಸೆಂಬರಿನಲ್ಲಿ, ಸುಕ್ರಜ್ಜಿ 2025ರ ಫೆಬ್ರುವರಿಯಲ್ಲಿ ನಮ್ಮನ್ನು ಅಗಲಿದರು. ಓದು ಇಲ್ಲದಿದ್ದರೂ ತಿಳಿವಳಿಕೆ ಇರುತ್ತದೆ ಎಂಬುದಕ್ಕೆ ನಮ್ಮ ತಾಲೂಕಿಗೆ ಬೇರೆ ಸಾಕ್ಷಿ ಬೇಕಾಗಿಲ್ಲ. ಬೆಲೆ ಸಿಗಲು ಮಾತ್ರ ಮುಪ್ಪಿನ ತನಕ ಕಾಯಬೇಕಾಯಿತು.

ಬಣ್ಣ, ಕೂದಲು, ಜಾತಿ

ಅಮೆರಿಕ ದೇಶದಲ್ಲಿ ವಿಶ್ವವಿದ್ಯಾಲಯದವರೂ ಶಾಲೆಯವರೂ ಕೂಡಿ ವರ್ಷಗಟ್ಟಲೆ ಅಧ್ಯಯನ ಮಾಡುವ ಪದ್ಧತಿ ಇದೆ. ಷಿಕಾಗೋ ನಗರದಲ್ಲಿ ಇಂಥ ಕೆಲಸ 1990ರಲ್ಲೇ ಶುರುವಾಯಿತು. ಅಲ್ಲಿ ಈಗ ಒಂದು ಪ್ರಶ್ನೆ ಎದ್ದಿದೆ. ಅಧ್ಯಯನ ಮಾಡುವವರಲ್ಲಿ ಬಿಳಿಯರೇ ಹೆಚ್ಚು, ಅಧ್ಯಯನಕ್ಕೆ ಒಳಗಾಗುವವರಲ್ಲಿ ಆಫ್ರಿಕಾ ಮೂಲದವರ, ಬಡವರ ಮಕ್ಕಳೇ ಹೆಚ್ಚು. ಹಾಗಾದರೆ ಏನನ್ನು ಕೇಳಬೇಕೆಂದು ತೀರ್ಮಾನಿಸುವವರು ಯಾರು?

ಇದು ದೂರದ ಮಾತಲ್ಲ. ಆಫ್ರಿಕಾ ಮೂಲದ ಮಕ್ಕಳು ನಮ್ಮ ಜಿಲ್ಲೆಯಲ್ಲೇ ಇದ್ದಾರಲ್ಲ! ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾದ ಕಾಡಂಚಿನಲ್ಲಿರುವ ಸಿದ್ದಿ ಬಂಧುಗಳು. ಅವರಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಎಲ್ಲರೂ ಇದ್ದಾರೆ. ಶತಮಾನಗಳ ಹಿಂದೆ ಅವರ ಪೂರ್ವಜರಲ್ಲಿ ಬಹಳ ಜನರನ್ನು ಗುಲಾಮರನ್ನಾಗಿ ಹಡಗಿನಲ್ಲಿ ತಂದರು. ಅವರ ಮೂಲ ತಿಳಿಯಲು ವಿಜ್ಞಾನಿಗಳು ರಕ್ತದ ಮಾದರಿ ಪಡೆದು ಪರೀಕ್ಷಿಸಿದರು, 2011ರಲ್ಲಿ ಅದು ಪ್ರಕಟವಾಯಿತು. 1980ರ ದಶಕದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಆರಿಸಿ ಓಟದ ತರಬೇತಿಗೆ ಕರೆದೊಯ್ದಿತು. ಕೆಲವರು ರಾಷ್ಟ್ರಮಟ್ಟದಲ್ಲಿ ಪದಕ ಗೆದ್ದರು. 1990ರ ದಶಕದಲ್ಲಿ ಆ ಯೋಜನೆ ನಿಂತಿತು, ಮಕ್ಕಳು ಊರಿಗೆ ಮರಳಿದರು. ಶುರು ಮಾಡುವ ತೀರ್ಮಾನವೂ ದೂರದಲ್ಲಾಯಿತು, ನಿಲ್ಲಿಸುವ ತೀರ್ಮಾನವೂ ದೂರದಲ್ಲೇ ಆಯಿತು.

ಒಬ್ಬ ಸಿದ್ದಿ ತಾಯಿ ನನಗೆ ಹೇಳಿದ್ದು: "ನಮ್ಮ ಕೂದಲು ನೋಡ್ಲಿಕ್ಕೆ ಬರ್ತಾರೆ, ಕುಣಿತ ನೋಡ್ಲಿಕ್ಕೆ ಬರ್ತಾರೆ. ಶಾಲೆಯಲ್ಲಿ ನನ್ನ ಮಗನ ಹತ್ರ ಯಾರೂ ಯಾಕೆ ಕೂತ್ಕೊಳ್ಳುದಿಲ್ಲ ಅಂತ ಕೇಳ್ಲಿಕ್ಕೆ ಒಬ್ರೂ ಬರ್ಲಿಲ್ಲ." ಈ ಮಾತು ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಹಾಗಂತ ಅಧ್ಯಯನವೇ ಬೇಡ ಎನ್ನಬೇಡಿ. 2003ರಲ್ಲಿ ನಮ್ಮ ಜಿಲ್ಲೆಯ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದರು. ಹಾಲಕ್ಕಿ ಒಕ್ಕಲಿಗರು ಅದನ್ನೇ ದಶಕಗಳಿಂದ ಕೇಳುತ್ತ ಬಂದಿದ್ದಾರೆ. ಇಂಥ ಬೇಡಿಕೆಗಳಲ್ಲಿ ಕುಲಶಾಸ್ತ್ರೀಯ ಅಧ್ಯಯನದ ವರದಿಗೆ ಬಹಳ ತೂಕ ಇರುತ್ತದೆ. ವರದಿಯಿಂದ ಬದುಕು ತಿರುಗಬಹುದು. ಅದಕ್ಕಾಗಿಯೇ ಅದು ಸರಿಯಾಗಿರಬೇಕು.

ಕೂಡಿ ಮಾಡಿದ ಒಂದು ಕೆಲಸ

ಚೆನ್ನಾಗಿ ನಡೆದ ಉದಾಹರಣೆಯೂ ಇದೆ. ನಿಮ್ಮ ಮಕ್ಕಳು ನಲಿ-ಕಲಿ ಕಾರ್ಡು, ಕಲಿಕಾ ಏಣಿ ಎನ್ನುವುದನ್ನು ಕೇಳಿದ್ದೀರಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಅದು ಹುಟ್ಟಿತು. ಸರ್ಕಾರಿ ಶಾಲೆಯ ಶಿಕ್ಷಕರು ಆಂಧ್ರದ ಋಷಿವ್ಯಾಲಿಗೆ ಹೋಗಿ ಅಲ್ಲಿಯ ಪದ್ಧತಿ ನೋಡಿದರು. ಬಂದ ಮೇಲೆ ತಮ್ಮ ಮಕ್ಕಳಿಗೆ ಹೊಂದುವಂತೆ ತಾವೇ ಕಾರ್ಡು, ಹಾಡು, ಆಟ ತಯಾರಿಸಿದರು. ತಿಳಿದವರು ಸಲಹೆ ಕೊಟ್ಟರು, ಯುನಿಸೆಫ್ ನೆರವು ಕೊಟ್ಟಿತು. ಕೈ ಮಾತ್ರ ಶಿಕ್ಷಕರದ್ದೇ. ಆದ್ದರಿಂದ ಅದು ಅವರ ಸ್ವಂತದ್ದಾಯಿತು.

2009-10ರಿಂದ ಅದು ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಆಗ ಅನೇಕ ಅಕ್ಕೋರಿಗೆ, ಮಾಸ್ತರಿಗೆ ಅದು ಸಿದ್ಧವಾಗಿ ಬಂದ ಪೆಟ್ಟಿಗೆಯಾಯಿತು. ಮನೆಯಲ್ಲಿ ಕೊಂಕಣಿ ಆಡುವ ಮಾಜಾಳಿಯ ಮಗುವಿಗೂ ಅದೇ ಕಾರ್ಡು, ಹಾಲಕ್ಕಿ ಮಾತಾಡುವ ಮಗುವಿಗೂ ಅದೇ ಕಾರ್ಡು. ಮಗು ತಡವರಿಸಿದರೆ ಕಾರ್ಡಿನ ತಪ್ಪೋ, ಅಕ್ಕೋರ ತಪ್ಪೋ, ತಾಯಿಯ ತಪ್ಪೋ? ಸಾಮಾನ್ಯವಾಗಿ ತಪ್ಪು ಕೆಳಗೆ ಇಳಿದು ಬರುತ್ತದೆ. ಮೇಲಿನವರು ಅಕ್ಕೋರನ್ನು ದೂರುತ್ತಾರೆ, ಅಕ್ಕೋರು ತಾಯಿಯನ್ನು ದೂರುತ್ತಾರೆ, ತಾಯಿ ಮಗುವಿಗೆ ಹೊಡೆಯುತ್ತಾಳೆ. ಇದನ್ನು ತಿಳಿದುಕೊಂಡರೆ ನಾವು ಅಕ್ಕೋರ ಜೊತೆ ಜಗಳಕ್ಕೆ ನಿಲ್ಲದೆ ಅವರ ಪಕ್ಕದಲ್ಲಿ ನಿಲ್ಲಬಹುದು.

ನಾವು ಕೇಳಬೇಕಾದ ಐದು ಮಾತು

ದಕ್ಷಿಣ ಆಫ್ರಿಕಾದಲ್ಲಿ ಸಾನ್ ಎಂಬ ಮೂಲನಿವಾಸಿಗಳಿದ್ದಾರೆ. ಸಂಶೋಧಕರು ಬಂದು ಬಂದು ಅವರಿಗೆ ಸಾಕಾಗಿ ಹೋಗಿತ್ತು. 2017ರಲ್ಲಿ ಅವರು ತಮ್ಮದೇ ನಿಯಮ ಬರೆದು ಮುಂದಿಟ್ಟರು: ಗೌರವ, ಪ್ರಾಮಾಣಿಕತೆ, ನ್ಯಾಯ, ಕಾಳಜಿ. ಸಂಶೋಧಕರು ಕಿಟಕಿಯಿಂದ ಇಣುಕದೆ ಬಾಗಿಲಿನಿಂದ ಬರಲಿ ಎಂದು ಅವರ ಮುಖಂಡರೊಬ್ಬರು ಹೇಳಿದ್ದರು. ಅವರು ಬರೆದರೆ ನಾವೂ ಬರೆಯಬಹುದು. ನಮ್ಮ ಠರಾವು ಪುಸ್ತಕದಲ್ಲಿ ಈ ಐದು ಇರಲಿ.

1. ಪ್ರಶ್ನೆ ಯಾರದು? ಪ್ರಶ್ನೆಪಟ್ಟಿಯನ್ನು ಮೊದಲು ನಮಗೂ ಅಕ್ಕೋರಿಗೂ ಓದಿ ಹೇಳಲಿ. ನಮ್ಮ ಎರಡು ಪ್ರಶ್ನೆಗಳನ್ನೂ ಸೇರಿಸಲಿ. ಸಂಕದ ಪ್ರಶ್ನೆ ಬಿಟ್ಟು ಹೋಗಬಾರದು.

2. ಮಗುವಿನ ಹೆಸರು, ಜಾತಿ, ಫೋಟೋ ಎಲ್ಲಿಗೆ ಹೋಗುತ್ತದೆ? ಯಾರು ನೋಡುತ್ತಾರೆ?

3. ಬೇಡ ಎನ್ನಬಹುದೇ? ಬೇಡ ಎಂದರೆ ಸಾಲ, ರೇಶನ್, ಶಾಲೆಯ ಪ್ರವೇಶ ಯಾವುದಕ್ಕೂ ತೊಂದರೆ ಆಗಬಾರದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ ಆರೋಗ್ಯ ಸಂಶೋಧನೆಯಲ್ಲಿ ಯಾರು ಬೇಕಾದರೂ ನಡುವೆಯೇ ಹಿಂದೆ ಸರಿಯಬಹುದು. ಏಳು ವರ್ಷ ದಾಟಿದ ಮಗುವಾದರೆ ಪಾಲಕರ ಒಪ್ಪಿಗೆಯ ಜೊತೆ ಮಗುವಿನ ಸಮ್ಮತಿಯೂ ಬೇಕು. 2025ರಲ್ಲಿ ನಮ್ಮ ರಾಜ್ಯದ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರು ಮನೆ ಮನೆಗೆ ಬಂದಾಗ, ಉತ್ತರ ಕೊಡುವುದು ಜನರ ಇಚ್ಛೆ, ಬಲವಂತ ಇಲ್ಲ ಎಂದು ಹೈಕೋರ್ಟ್ ಸ್ಪಷ್ಟಪಡಿಸಿತು. ಸರ್ಕಾರದ ಸಮೀಕ್ಷೆಗೇ ಹೀಗಾದರೆ ಬೇರೆಯವರಿಗೆ ಕೇಳಲು ಅಂಜಿಕೆ ಯಾಕೆ?

4. ಕೂಲಿ ಮತ್ತು ಹೆಸರು. ಮನೆ ತೋರಿಸಿ, ಮಾತು ತಿಳಿಸಿ ಹೇಳುವ ಹೆಂಗಸಿನ ದಿನಕ್ಕೆ ಕೂಲಿ ಕೊಡಲಿ. ಅವಳು ಒಪ್ಪಿದರೆ ವರದಿಯಲ್ಲಿ ಅವಳ ಹೆಸರೂ ಇರಲಿ. ತಿಳಿಸಿ ಹೇಳುವುದೂ ಬುದ್ಧಿಯ ಕೆಲಸವೇ.

5. ಯಾವಾಗ ಮರಳಿ ಬರುತ್ತೀರಿ? ಅಚ್ಚು ಹಾಕಿಸುವ ಮುಂಚೆ ಬಂದು, ಕನ್ನಡದಲ್ಲಿ, ಬೇಕಾದಲ್ಲಿ ಕೊಂಕಣಿಯಲ್ಲಿ ಓದಿ ಹೇಳಲಿ. ತಪ್ಪಿದ್ದರೆ ತಿದ್ದಲು ಅವಕಾಶ ಕೊಡಲಿ.

ಇದಕ್ಕೆ ಜಾಗವೂ ಇದೆ. ಕರ್ನಾಟಕದಲ್ಲಿ 2001ರಿಂದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ನಾವು ಎಸ್.ಡಿ.ಎಂ.ಸಿ. ಎನ್ನುವುದು, ಇದೆ. 2009ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಸರ್ಕಾರಿ ಶಾಲೆಯ ಇಂಥ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪಾಲಕರು, ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸರು ಇರಬೇಕು. ಅಲ್ಲಿ ಸಹಿ ಹಾಕಿ ಚಾ ಕುಡಿದು ಬಂದರೆ ಸಾಲದು. ಶಾಲೆಯಲ್ಲಿ ಯಾವ ಅಧ್ಯಯನ ನಡೆದರೂ ಅಲ್ಲಿ ಚರ್ಚೆಯಾಗಲಿ, ಠರಾವು ಆಗಲಿ.

ನಮ್ಮ ಚಾಪೆಯ ಮೇಲೆ

ಕೊನೆಯ ಮಾತು ಸ್ವಲ್ಪ ಕಹಿ. ಹೊರಗಿನವರಿಗೆ ಐದು ಪ್ರಶ್ನೆ ಕೇಳುವ ನಾವು ನಮಗೇ ಒಂದು ಕೇಳಿಕೊಳ್ಳಬೇಕು. ನಮ್ಮ ಸಂಘಗಳಲ್ಲಿ ಪುಸ್ತಕ ಬರೆಯುವವರು ಯಾರು? ಪ್ರತಿ ಸಲವೂ ಎಸ್ಸೆಸ್ಸೆಲ್ಸಿ ಆದ ಒಬ್ಬಳೇ ಅಲ್ಲವೇ? ಸಿದ್ದಿ ಸಹೋದರಿ, ಹಾಲಕ್ಕಿ ಸಹೋದರಿ, ಕೇರಿಯಿಂದ ಬಂದ ಸಹೋದರಿ ಬಾಗಿಲ ಹತ್ತಿರ ಕೂರುತ್ತಾಳೆ. ಅವಳು ಮಾತಾಡಿದಾಗ ನಾವು ಪಕ್ಕದವಳ ಹತ್ತಿರ ಮಾತಾಡುತ್ತೇವೆ. ತಂಡದವರು ಬಂದರೆ "ಅವಳಿಗೆ ಏನು ಗೊತ್ತು, ನಾನು ಹೇಳ್ತೇನೆ" ಎಂದು ನಾವೇ ಮುಂದೆ ಹೋಗುತ್ತೇವೆ. ಆಗ ಪೆನ್ನು ಯಾರ ಕೈಯಲ್ಲಿದೆ? ನನ್ನ ತಪ್ಪನ್ನೇ ನಾವು ಮತ್ತೆ ಮಾಡಿದಂತಾಗುತ್ತದೆ.

ಹಾಗಾಗಿ ಮುಂದಿನ ಸಭೆಯಲ್ಲಿ ಈ ಪತ್ರದ ಚರ್ಚೆಗೆ ಮೊದಲ ಮಾತು ಬಾಗಿಲ ಹತ್ತಿರ ಕೂತವಳದ್ದಾಗಲಿ. ಅವಳು ಮುಗಿಸುವ ತನಕ ಉಳಿದವರು ಕೇಳೋಣ.

ಆ ಅಜ್ಜಿ ಈಗಿಲ್ಲ. ಸಂಘದವರು ಪಂಚಾಯತಿಗೆ ಐದು ಸಲ ಅರ್ಜಿ ಕೊಟ್ಟ ಮೇಲೆ ಹಳ್ಳಕ್ಕೆ ಸಿಮೆಂಟಿನ ಸಂಕ ಆಯಿತು. ನನ್ನ ಪ್ರಬಂಧದಿಂದ ಆದದ್ದಲ್ಲ ಅದು. ಅಜ್ಜಿ ಬದುಕಿದ್ದಾಗಲೇ ಆ ಪ್ರಬಂಧದ ಪ್ರತಿ ಒಯ್ದು, ಅವರ ಅಂಗಳದಲ್ಲಿ ಕೂತು, ನಾನು ಬರೆದ ಆ ಸಾಲನ್ನು ಓದಿ ಹೇಳಿದೆ. ಅಂಗನವಾಡಿ ಅಕ್ಕೋರೂ ಇದ್ದರು. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಈಗಾದ್ರೂ ಓದಿ ಹೇಳಿದ್ರಲ್ಲ" ಎಂದರು.

ಬರುವವರಿಗೂ ನಾವು ಅಷ್ಟನ್ನೇ ಕೇಳೋಣ. ಬರಲಿ, ಬರೆದುಕೊಳ್ಳಲಿ, ಮರಳಿ ಬಂದು ಓದಿ ಹೇಳಲಿ.