ಚರಂಡಿ ನೀರಿಗೆ ಹತ್ತು ಗುಂಟೆ ಜೊಂಡು
(ನಮ್ಮ ಕನ್ನಡ ಬಳಗದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು ಇಲ್ಲಿ ಒಮಾನಿನಲ್ಲಿ ಕೊಳಚೆ ನೀರು ಶುದ್ಧೀಕರಿಸುವ ಘಟಕದಲ್ಲಿ ಕೆಲಸ ಮಾಡೋನು. ಊರು ಕೋಲಾರದ ಕಡೆ. ನಮ್ಮಲ್ಲಿ ಎಷ್ಟು ಜನ ಊರಿಗೆ ಬೋರ್‌ವೆಲ್ ಕೊರೆಸೋಕೆ ದುಡ್ಡು ಕಳಿಸಿಲ್ಲ ಹೇಳಿ? ಸಾವಿರ ಅಡಿ ಕೊರೆದರೂ ಧೂಳು ಬರುತ್ತೆ. ಅದೇ ಊರಿನ ಚರಂಡಿಯಲ್ಲಿ ಮಾತ್ರ ವರ್ಷವಿಡೀ ನೀರು. ಆ ನೀರನ್ನೇ ಹಿಪ್ಪುನೇರಳೆಗೆ ಬಿಡಬಹುದಾ ಅಂತ ನನ್ನ ತಮ್ಮ ಫೋನಿನಲ್ಲಿ ಕೇಳಿದ. ಹಾಗೇ ಬಿಡಬೇಡ, ಜೊಂಡಿನ ಮೂಲಕ ಹಾಯಿಸಿ ಬಿಡು ಅಂದೆ. ಅದನ್ನೇ ಇಲ್ಲಿ ಬಿಡಿಸಿ ಹೇಳ್ತೀನಿ.

ಈ ದೇಶದ ದಕ್ಷಿಣದ ಮರಳುಗಾಡಿನಲ್ಲಿ ನಿಮ್ರ್ ಅನ್ನೋ ಜಾಗವಿದೆ. ಎಣ್ಣೆಯ ಜೊತೆ ಮೇಲೆ ಬರುವ ಕೊಳೆನೀರನ್ನು ಅಲ್ಲಿ ಜೊಂಡಿನ ಮಡಿಗಳಲ್ಲಿ ಹರಿಸ್ತಾರೆ. ದಿನಕ್ಕೆ 10 ಕೋಟಿ ಲೀಟರಿಗೂ ಹೆಚ್ಚು. ನೀರು ಇಳಿಜಾರಿನಲ್ಲಿ ತಾನೇ ಸಾಗುತ್ತೆ, ಬೇರಿನ ಸುತ್ತ ಬೆಳೆಯುವ ಸೂಕ್ಷ್ಮಜೀವಿಗಳು ಎಣ್ಣೆಯನ್ನು ತಿನ್ನುತ್ತವೆ. ಗಿಡದ ಕೆಲಸ ಅವಕ್ಕೆ ನೆಲೆ ಕೊಡೋದು, ಉಸಿರು ಕೊಡೋದು. ಆದರೆ ಉಪ್ಪು ಹೋಗಲ್ಲ. ಅದಕ್ಕೇ ಬಹುಪಾಲು ನೀರನ್ನು ಕೊನೆಗೆ ಆವಿ ಕೊಳಗಳಿಗೆ ಬಿಡ್ತಾರೆ.

ನಮ್ಮೂರಿನ ಚರಂಡಿಗೆ ಲೆಕ್ಕ ಹಾಕೋಣ. ನೂರು ಮನೆ, 500 ಜನ. ತಲೆಗೆ ದಿನಕ್ಕೆ 55 ಲೀಟರ್ ಬಳಕೆ, ಅದರಲ್ಲಿ ನೂರಕ್ಕೆ 80 ಪಾಲು ಚರಂಡಿಗೆ. ಅಂದರೆ ಸುಮಾರು 22,000 ಲೀಟರ್. ಬಿಸಿಲಿನ ಸೀಮೆಯಲ್ಲಿ ತಲೆಗೆ ಒಂದರಿಂದ ಎರಡು ಚದರ ಮೀಟರ್ ಮಡಿ ಸಾಕು, ಐದರಿಂದ ಹತ್ತು ಗುಂಟೆ ಆಯ್ತು. ಆ ನೀರಿನಿಂದ ಹನಿ ನೀರಾವರಿಯಲ್ಲಿ ಸುಮಾರು ಒಂದು ಎಕರೆ ನಡೆಯುತ್ತೆ. ಊರಿಗೆಲ್ಲ ಸಾಲದು, ನಿಜ. ಆದರೆ ಮಳೆ ಬರದ ವರ್ಷವೂ ಬತ್ತದ ಒಂದು ಎಕರೆ ಅದು.

ಮಾಡೋದು ಹೀಗೆ. ಮೊದಲು ಕಸ ತಡೆಯುವ ಜಾಲರಿ, ಆಮೇಲೆ ಕೆಸರು ತಂಗುವ ತೊಟ್ಟಿ. ನಂತರ ಕೃಷಿ ಹೊಂಡಕ್ಕೆ ಹಾಸುವಂಥ ಪ್ಲಾಸ್ಟಿಕ್ ಹಾಸಿ, ಎರಡಡಿ ಜಲ್ಲಿ ತುಂಬಿ, ಜೊಂಡು ಅಥವಾ ಕಾಬಾಳೆ ನೆಡಬೇಕು. ನೀರು ಜಲ್ಲಿಯ ಮೇಲ್ಮೈಗಿಂತ ಕೆಳಗೇ ಹರಿಯಬೇಕು. ಹಾಗಿದ್ದರೆ ಸೊಳ್ಳೆ ಇಲ್ಲ, ನಾತ ಕಡಿಮೆ. ಇಳಿಜಾರು ಸಿಕ್ಕರೆ ಮಡಿಗೆ ಕರೆಂಟೂ ಬೇಡ.

ಎಚ್ಚರಿಕೆಯೂ ಬೇಕು. ಹಸಿಯಾಗಿ ತಿನ್ನುವ ಬೆಳೆಗೆ ಬಿಡುವ ನೀರಿನಲ್ಲಿ 100 ಮಿಲಿಲೀಟರಿಗೆ 1,000ಕ್ಕಿಂತ ಹೆಚ್ಚು ಮಲದ ಬ್ಯಾಕ್ಟೀರಿಯಾ ಇರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 1989ರಲ್ಲೇ ಹೇಳಿದೆ. ಬರೀ ಜೊಂಡಿನ ಮಡಿಯಿಂದ ಆ ಮಟ್ಟ ಸಿಗುತ್ತೆ ಅಂತ ನಂಬಿ ಕೂರಬೇಡಿ. ಕೊತ್ತಂಬರಿ, ಸೌತೆ, ಟೊಮೆಟೊ ಬೇಡ. ಹಿಪ್ಪುನೇರಳೆ, ಮರದ ಬೆಳೆಗಳಿಗೆ ಬುಡಕ್ಕೆ ಮಾತ್ರ ಹನಿಸಿ. ಕಾರ್ಖಾನೆಯ ನೀರು ಸೇರಿದ ಚರಂಡಿಯಾದರೆ ಈ ಉಪಾಯ ಬಿಟ್ಟುಬಿಡಿ.

2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಬರ್ತಾ ಇದೆ. ಎರಡು ಹಂತದ ಶುದ್ಧೀಕರಣ ಸಾಕಾ, ಮೂರನೆಯದೂ ಬೇಕಾ ಅನ್ನೋ ವಾದ ಆಗಿನಿಂದಲೂ ನಡೀತಿದೆ. ಬೆಂಗಳೂರಿನ ಜಕ್ಕೂರು ಕೆರೆಯಲ್ಲಿ ಸಂಸ್ಕರಿಸಿದ ನೀರು ಜೌಗಿನ ಮೂಲಕ ಹಾದೇ ಕೆರೆ ಸೇರುತ್ತೆ. ಹೋಗಿ ನೋಡಬಹುದು.

ಇನ್ನೊಂದು ಮಾತು. ಕಟ್ಟೋದು ಸುಲಭ, ನಡೆಸೋದು ಕಷ್ಟ. ತೊಟ್ಟಿಯ ಕೆಸರು ತೆಗೆಸದಿದ್ದರೆ ಜಲ್ಲಿ ಕಟ್ಟಿಕೊಂಡು ಎಲ್ಲ ಹಾಳು. ಒಣಗಿದ ಜೊಂಡು ಕೊಯ್ಯಬೇಕು. ಅದಕ್ಕೆ ಒಬ್ಬರಿಗೆ ತಿಂಗಳ ಸಂಬಳ ಗೊತ್ತು ಮಾಡಿ ಆಮೇಲೆ ಜಲ್ಲಿ ತರಿಸಿ. ಈ ಸಲ ರಜೆಗೆ ಹೋದಾಗ ಚರಂಡಿ ಎಲ್ಲಿ ಮುಗಿಯುತ್ತೆ ಅಂತ ನಡೆದು ನೋಡಿ, ಪಂಚಾಯಿತಿಯವರ ಜೊತೆ ಕೂತು ಮಾತಾಡಿ. ಇನ್ನೊಂದು ಬೋರ್‌ವೆಲ್‌ಗೆ ದುಡ್ಡು ಕಳಿಸುವ ಮೊದಲು ಇಷ್ಟು ಮಾಡಿ ಅಂತ ಕೇಳಿಕೊಂಡು ಮಾತು ಮುಗಿಸ್ತೀನಿ.