ಪದವಿಯೂ ಮಹತ್ತ್ವವೂ

(ಆರ್‌ಪಿಸಿ ಲೇಔಟಿನ ಭಕ್ತಮಂಡಳಿಯ ಮುಂದೆ ಮಾಡಿದ ಉಪನ್ಯಾಸ)



ಆರ್‌ಪಿಸಿ ಲೇಔಟ್ ಎಂದೂ ಹಂಪಿನಗರವೆಂದೂ ಎರಡು ಹೆಸರುಗಳಿಂದ ಕರೆಯಲ್ಪಡುವ ಬಡಾವಣೆಯಲ್ಲಿ ವಾಸಿಸುವವರಿಗೆ ಹೆಸರಿನ ಸ್ವಭಾವವನ್ನು ಬೇರೆಯಾಗಿ ತಿಳಿಸಬೇಕಾದುದಿಲ್ಲ. ಹೆಸರಿಡುವುದು ಸುಲಭ, ಇಟ್ಟ ಹೆಸರಿಗೆ ತಕ್ಕ ಅರ್ಥವಿದೆಯೇ ಎಂದು ಪರೀಕ್ಷಿಸುವುದು ಕಷ್ಟ. ‘ಮಹಾಪುರುಷ’ನೆಂಬ ಬಿರುದಿಗೂ ಈ ಮಾತು ಸಲ್ಲುವುದು. ಈ ಬಿರುದು ಬಸಪ್ಪ ದಾನಪ್ಪ ಜತ್ತಿಯವರಿಗೆ ಒಪ್ಪುವುದೇ ಎಂಬುದೇ ಇಂದಿನ ವಿಚಾರ. ಅವರು ಲಿಂಗಾಯತ ಮನೆತನದಲ್ಲಿ ಹುಟ್ಟಿದವರು; ರಾಷ್ಟ್ರಪತಿಯ ಪೀಠದಲ್ಲಿ ಕುಳಿತ ಕನ್ನಡಿಗರು. ನಮ್ಮವರೆಂಬ ಅಭಿಮಾನವು ಸಹಜವೇ ಸರಿ. ಆದರೆ ಅಭಿಮಾನವು ಪ್ರೀತಿಗೆ ಕಾರಣವಾಗಬಲ್ಲುದೇ ಹೊರತು ನಿರ್ಣಯಕ್ಕೆ ಪ್ರಮಾಣವಾಗಲಾರದು.

ಜಮಖಂಡಿ ಸೀಮೆಯ ಸಾವಳಗಿಯಲ್ಲಿ 1912ರಲ್ಲಿ ಜನಿಸಿದ ಜತ್ತಿಯವರು ನ್ಯಾಯಶಾಸ್ತ್ರವನ್ನು ಓದಿ, ಜಮಖಂಡಿಯ ಪುರಸಭೆಯಿಂದ ಸಾರ್ವಜನಿಕ ಸೇವೆಯನ್ನು ಆರಂಭಿಸಿದರು. ಆ ಸಂಸ್ಥಾನದ ಮಂತ್ರಿಯಾಗಿ, ಮುಖ್ಯಮಂತ್ರಿಯಾಗಿ, 1948ರಲ್ಲಿ ಅದು ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವ ಕಾರ್ಯವನ್ನು ನೋಡಿದರು. 1958ರಿಂದ 1962ರ ವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾಗಿದ್ದರು. ಭೂಸುಧಾರಣೆಯ ಸಮಿತಿಗೆ ಮೊದಲೇ ಅಧ್ಯಕ್ಷರಾಗಿದ್ದ ಅವರ ಆಡಳಿತ ಕಾಲದಲ್ಲಿಯೇ 1961ರ ಭೂಸುಧಾರಣಾ ಶಾಸನವು ರೂಪುಗೊಂಡಿತು. ಅಧಿಕಾರವು ಕೈತಪ್ಪಿದ ಬಳಿಕ ಅದೇ ರಾಜ್ಯದಲ್ಲಿ ನಿಜಲಿಂಗಪ್ಪನವರ ಕೈಕೆಳಗೆ ಹಣಕಾಸಿನ ಮಂತ್ರಿಯಾಗಿ ದುಡಿಯಲು ಅವರು ಹಿಂಜರಿಯಲಿಲ್ಲ. ಮೇಲಣ ಆಸನದಿಂದ ಇಳಿದು ಕೆಳಗಣ ಆಸನದಲ್ಲಿ ಕುಳಿತು ಕಾಯಕ ಮಾಡುವುದು ಅಲ್ಪ ಗುಣವಲ್ಲ. ಅನಂತರ ಪಾಂಡಿಚೇರಿ, ಒರಿಸ್ಸಾಗಳ ಆಡಳಿತವನ್ನು ವಹಿಸಿ, 1974ರಲ್ಲಿ ಉಪರಾಷ್ಟ್ರಪತಿಗಳಾದರು. 1977ರ ಫೆಬ್ರವರಿ 11ರಂದು ಫಕ್ರುದ್ದೀನ್ ಅಲಿ ಅಹಮದರು ದಿವಂಗತರಾಗಲು, ಜುಲೈ 25ರ ವರೆಗೆ ರಾಷ್ಟ್ರಪತಿಯ ಕಾರ್ಯಭಾರವನ್ನು ಹೊತ್ತರು.

ಈಗ ಪೂರ್ವಪಕ್ಷವನ್ನು ಕೇಳಬೇಕು. ಚುನಾಯಿತರಾಗದೆ ಆರು ತಿಂಗಳೂ ತುಂಬದಷ್ಟು ಕಾಲ ಪೀಠದಲ್ಲಿದ್ದವರಿಗೆ ಮಹತ್ತ್ವವೆಲ್ಲಿಯದು ಎಂಬುದು ಮೊದಲನೆಯ ಆಕ್ಷೇಪ. ಇದು ದುರ್ಬಲವಾದುದು. ಕಾಲದ ಉದ್ದದಿಂದ ಕಾರ್ಯವನ್ನು ಅಳೆಯುವುದಾದರೆ ಕಲ್ಯಾಣದ ಅನುಭವ ಮಂಟಪದ ಕಾಲವೂ ಅಲ್ಪವೆಂದೇ ಹೇಳಬೇಕಾದೀತು.

ಎರಡನೆಯ ಆಕ್ಷೇಪವು 1977ರ ಏಪ್ರಿಲ್ ತಿಂಗಳಿಗೆ ಸಂಬಂಧಿಸಿದುದು. ಹೊಸದಾಗಿ ಬಂದ ಜನತಾ ಸರಕಾರವು ಕಾಂಗ್ರೆಸ್ಸಿನ ಆಡಳಿತವಿದ್ದ ಒಂಬತ್ತು ರಾಜ್ಯಗಳ ಶಾಸನಸಭೆಗಳನ್ನು ವಿಸರ್ಜಿಸಬೇಕೆಂದು ಸಲಹೆಯಿತ್ತಿತು. ಜತ್ತಿಯವರು ಕೂಡಲೆ ಅಂಕಿತ ಹಾಕಲಿಲ್ಲ. ಒಂದು ದಿನ ತಡೆದು, ಏಪ್ರಿಲ್ 30ರಂದು ಹಾಕಿದರು. ಹಳೆಯ ಪಕ್ಷದ ಮೋಹದಿಂದ ತಡೆದರೆಂದು ಕೆಲವರೂ, ತಡೆದ ಮೇಲೆ ನಿಲ್ಲದೆ ಮಣಿದರೆಂದು ಕೆಲವರೂ ದೂರುವರು. ಆದರೆ ಧರ್ಮಸೂಕ್ಷ್ಮವನ್ನು ಗಮನಿಸಬೇಕು. 1976ರ ನಲವತ್ತೆರಡನೆಯ ತಿದ್ದುಪಡಿಯು ಮಂತ್ರಿಮಂಡಲದ ಸಲಹೆಯಂತೆಯೇ ರಾಷ್ಟ್ರಪತಿಯು ನಡೆಯತಕ್ಕುದೆಂದು ವಿಧಿಸಿತ್ತು. ಸಲಹೆಯನ್ನು ಒಮ್ಮೆ ಪುನರ್ವಿಮರ್ಶೆಗೆ ಹಿಂದಿರುಗಿಸುವ ಅಧಿಕಾರವು ಬಂದುದು 1978ರ ನಲವತ್ತನಾಲ್ಕನೆಯ ತಿದ್ದುಪಡಿಯಿಂದ. ಆದಕಾರಣ ಆ ಒಂದು ದಿನದ ವಿಳಂಬವು, ಮುಂದೆ ಶಾಸನವೇ ಒಪ್ಪಿಕೊಂಡ ವಿವೇಕಕ್ಕೆ ಹತ್ತಿರವಾದುದು. ರಾಜ್ಯ ಸರಕಾರಗಳನ್ನು ಮನಬಂದಂತೆ ವಜಾ ಮಾಡುವುದಕ್ಕೆ 1994ರಲ್ಲಿ ಎಸ್. ಆರ್. ಬೊಮ್ಮಾಯಿಯವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಕಟ್ಟುಪಾಡು ವಿಧಿಸಿದ ಮೇಲೆ, ಆ ಸಂಶಯವು ನಿರಾಧಾರವಾಗಿರಲಿಲ್ಲವೆಂದು ಇನ್ನೂ ಸ್ಪಷ್ಟವಾಗಿರುವುದು. ಈ ಆಕ್ಷೇಪದಿಂದ ಜತ್ತಿಯವರು ಮುಕ್ತರು.

ಮೂರನೆಯದೇ ಭಾರವಾದುದು. 1975ರ ಜೂನ್ 25ರಿಂದ 1977ರ ಮಾರ್ಚ್ 21ರ ವರೆಗೆ ದೇಶದಲ್ಲಿ ತುರ್ತುಪರಿಸ್ಥಿತಿಯಿತ್ತು. ಆಗ ಜತ್ತಿಯವರು ರಾಜ್ಯಸಭೆಯ ಸಭಾಪತಿಗಳು. ಆ ಸಭೆಯ ಸದಸ್ಯರಾದ ಲಾಲಕೃಷ್ಣ ಅಡ್ವಾಣಿಯವರು ಇದೇ ಬೆಂಗಳೂರಿನ ಕಾರಾಗೃಹದಲ್ಲಿ ಬಂದಿಯಾಗಿದ್ದರು. ರಾಷ್ಟ್ರಪತಿಯ ಕೈಯನ್ನು ಕಟ್ಟಿದ ಆ ನಲವತ್ತೆರಡನೆಯ ತಿದ್ದುಪಡಿಯು ಅಂಗೀಕೃತವಾದುದೂ ಆ ಸಭೆಯಲ್ಲಿಯೇ. ತುರ್ತುಪರಿಸ್ಥಿತಿಯನ್ನು ಹಿಂತೆಗೆದುಕೊಂಡ ಆಜ್ಞೆಯು ಜತ್ತಿಯವರ ಅಂಕಿತದಿಂದಲೇ ಹೊರಟಿತೆಂಬುದು ನಿಜ. ಆದರೆ ಅದೂ ಮಂತ್ರಿಮಂಡಲದ ಸಲಹೆಯಂತೆ ಆದುದು. ಇಪ್ಪತ್ತೊಂದು ತಿಂಗಳ ಕಾಲ ಅವರು ಪೀಠವನ್ನು ಬಿಡಲಿಲ್ಲ.

ಶರಣರ ಒರೆಗಲ್ಲು ಇಲ್ಲಿಯೇ ಎದುರಾಗುವುದು. ಬಸವಣ್ಣನವರೂ ಬಿಜ್ಜಳನ ಭಂಡಾರಿಯಾಗಿದ್ದವರೇ. ಹರಳಯ್ಯ ಮಧುವರಸರಿಗೆ ಅನ್ಯಾಯದ ದಂಡನೆ ಒದಗಿದಾಗ ಅವರು ಪದವಿಯನ್ನು ತೃಣವಾಗಿ ಎಣಿಸಿ ಕೂಡಲಸಂಗಮಕ್ಕೆ ತೆರಳಿದರೆಂದು ಪರಂಪರೆಯು ಹೇಳುವುದು. ಮಹತ್ತ್ವದ ಲಕ್ಷಣವು ಇದು: ಸತ್ಯಕ್ಕೂ ಆಸನಕ್ಕೂ ವಿರೋಧ ಬಂದಲ್ಲಿ ಆಸನವನ್ನು ಬಿಡುವುದು. ಈ ಒರೆಗಲ್ಲಿನ ಮೇಲೆ ತಿಕ್ಕಿದರೆ, ರಾಜಕಾರಣಿ ಜತ್ತಿಯವರು ಸಜ್ಜನರು, ನಿಷ್ಠಾವಂತರು, ಯೋಗ್ಯ ಆಡಳಿತಗಾರರು, ಮಹಾಪುರುಷರಲ್ಲ. ಇದನ್ನು ಹೇಳುವುದರಿಂದ ಅವರಿಗೆ ಅಗೌರವವಾಗದು. ಸುಳ್ಳು ಬಿರುದೇ ನಿಜವಾದ ಅಗೌರವ.

ಹಾಗಾದರೆ ಅವರಿಗೆ ಸಲ್ಲತಕ್ಕುದೇನು? 1964ರಲ್ಲಿ ಅವರು ಬೆಂಗಳೂರಿನಲ್ಲಿ ಬಸವ ಸಮಿತಿಯನ್ನು ಸ್ಥಾಪಿಸಿದರು. ಕನ್ನಡವರಿಯದವರಿಗೂ ವಚನಧರ್ಮವು ತಲುಪಲೆಂಬ ಸಂಕಲ್ಪವು ಅದರದು. ದೊಡ್ಡ ಪದವಿಗಳು ಬಂದರೂ ಹೋದರೂ ಆ ಕೆಲಸವನ್ನು ಅವರು ಬಿಡಲಿಲ್ಲ. 2002ರಲ್ಲಿ ಅವರು ಲಿಂಗೈಕ್ಯರಾದ ಬಳಿಕವೂ ಅದು ಬೆಳೆಯಿತು. ಎಂ. ಎಂ. ಕಲಬುರ್ಗಿಯವರ ಸಂಪಾದಕತ್ವದಲ್ಲಿ ಆರಿಸಿದ 2500 ವಚನಗಳು ಭಾರತದ ಅನೇಕ ಭಾಷೆಗಳಿಗೆ ಇಳಿದು, 2017ರ ಬಸವ ಜಯಂತಿಯಂದು ದೆಹಲಿಯಲ್ಲಿ 23 ಭಾಷೆಗಳಲ್ಲಿ ಲೋಕಾರ್ಪಣೆಗೊಂಡುವು. ರಾಷ್ಟ್ರಪತಿಯ ಪೀಠವು ಅವರಿಗೆ ಐದೂವರೆ ತಿಂಗಳಿನದಾಯಿತು. ಈ ದಾಸೋಹವು ಅವರ ದೇಹವನ್ನೂ ಮೀರಿ ಬಾಳಿತು.

ಆದಕಾರಣ ಸಿದ್ಧಾಂತವಿದು: ಜತ್ತಿಯವರಿಗೆ ‘ಮಹಾಪುರುಷ’ನೆಂಬ ಬಿರುದು ಸಲ್ಲದು, ‘ಶರಣಸೇವಕ’ನೆಂಬ ಮಾನವು ಪೂರ್ಣವಾಗಿ ಸಲ್ಲುವುದು. ಶರಣಮಾರ್ಗದಲ್ಲಿ ಎರಡನೆಯದು ಮೊದಲನೆಯದಕ್ಕಿಂತ ಕಿರಿದೆಂದು ಹೇಳಿದವರಾರು? ನೆರೆದ ಭಕ್ತರು ಅವರನ್ನು ಸ್ಮರಿಸುವಾಗ, ಅವರು ಕುಳಿತ ಪೀಠಗಳನ್ನು ಎಣಿಸದೆ, ಒಂದು ವಚನವನ್ನಾದರೂ ಅರಿಯದವರಿಗೆ ತಿಳಿಸಿಕೊಡಲಿ. ಅದೇ ಅವರಿಗೆ ತಕ್ಕ ಗೌರವವು.