ಸರ್ಕಾರದ ಹಣ ನಮ್ಮೂರಿಗೆ ಬರುವ ದಾರಿ

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು ಅರ್ಥಶಾಸ್ತ್ರದ ಪ್ರಾಧ್ಯಾಪಕನಲ್ಲ. ಇದೇ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಮುಂದೆ ಓದಿ, ಮೂವತ್ನಾಲ್ಕು ವರ್ಷ ಬ್ಯಾಂಕಿನಲ್ಲಿ ದುಡಿದವನು. ಅದರಲ್ಲಿ ಹೆಚ್ಚಿನ ಕಾಲ ಹಳ್ಳಿ ಶಾಖೆಗಳಲ್ಲೇ ಕಳೆದೆ. ಆದ್ದರಿಂದ ಸರ್ಕಾರದ ಹಣಕಾಸು ನೀತಿ ಎಂದರೆ ನನಗೆ ಪುಸ್ತಕಕ್ಕಿಂತ ಮೊದಲು ನೆನಪಾಗುವುದು ಕೌಂಟರಿನ ಆಚೆ ಪಾಸ್‌ಬುಕ್ ಹಿಡಿದು ನಿಂತವರ ಮುಖ.

ಊರಿಗೆ ಬಂದಾಗಲೆಲ್ಲ ಅರಳಿಕಟ್ಟೆಯ ಮೇಲೆ ಒಂದೇ ವಾದ ಕೇಳುತ್ತೇನೆ. "ಪುಕ್ಕಟೆ ಕೊಟ್ಟು ಕೊಟ್ಟು ರಾಜ್ಯ ಮುಳುಗಿಹೋಯಿತು" ಎಂದು ಒಬ್ಬರು. "ನಿಮಗೇನು ಹೊಟ್ಟೆಯುರಿ, ನಮ್ಮನೆ ಹೆಣ್ಣುಮಕ್ಕಳ ಕೈಗೆ ನಾಲ್ಕು ಕಾಸು ಬಂತು" ಎಂದು ಇನ್ನೊಬ್ಬರು. ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ಹಣ ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಇಬ್ಬರೂ ಪೂರ್ತಿ ನೋಡುವುದಿಲ್ಲ. ಇವತ್ತು ಆ ದಾರಿಯ ಬಗ್ಗೆ ಹೇಳುತ್ತೇನೆ.

ಶಾಲೆ ಹುಟ್ಟಿದ ವರ್ಷದಿಂದಲೇ ಶುರುಮಾಡೋಣ. 1975 ಎಂದರೆ ದೇಶ ಬೆಲೆಯೇರಿಕೆಯಿಂದ ಆಗತಾನೇ ಚೇತರಿಸಿಕೊಳ್ಳುತ್ತಿದ್ದ ಕಾಲ. 1972ರಲ್ಲಿ ಬರ ಬಂದಿತ್ತು. 1973ರ ಕೊನೆಗೆ ಅರಬ್ ದೇಶಗಳ ತೈಲದ ಬೆಲೆ ಹಲವು ಪಟ್ಟು ಏರಿತು. 1974ರಲ್ಲಿ ನಮ್ಮಲ್ಲಿ ಬೆಲೆಗಳು ಒಂದೇ ವರ್ಷದಲ್ಲಿ ನೂರಕ್ಕೆ 20ಕ್ಕಿಂತ ಹೆಚ್ಚು ಏರಿದವು. ಆಗ ರಿಸರ್ವ್ ಬ್ಯಾಂಕು ತನ್ನ ಬ್ಯಾಂಕ್ ದರವನ್ನು ಶೇ. 7ರಿಂದ 9ಕ್ಕೆ ಏರಿಸಿತು. ಸರ್ಕಾರ ಇನ್ನೂ ಕಠಿಣವಾದ ಕೆಲಸ ಮಾಡಿತು. ಸಂಬಳದಾರರಿಗೆ ಹೆಚ್ಚುವರಿಯಾಗಿ ಬರಬೇಕಿದ್ದ ತುಟ್ಟಿಭತ್ಯೆಯಲ್ಲಿ ಅರ್ಧವನ್ನು ಕೈಗೆ ಕೊಡದೆ ಕಡ್ಡಾಯ ಠೇವಣಿಯಾಗಿ ಹಿಡಿದಿಟ್ಟಿತು. ಕೈಯಲ್ಲಿ ಹಣ ಕಡಿಮೆಯಾದರೆ ಅಂಗಡಿಯಲ್ಲಿ ಕೊಳ್ಳುವವರು ಕಡಿಮೆಯಾಗುತ್ತಾರೆ, ಬೆಲೆ ಇಳಿಯುತ್ತದೆ ಎಂಬುದು ಲೆಕ್ಕ. ಮುಂದಿನ ವರ್ಷ ಬೆಲೆಗಳು ಇಳಿದವು. ಒಳ್ಳೆಯ ಮಳೆಯ ಪಾಲೂ ಅದರಲ್ಲಿತ್ತು ಎನ್ನಿ.

ಹಾಗೆ ಒಂದು ಕೈಯಲ್ಲಿ ಹಣ ಬಿಗಿಹಿಡಿದ ಸರ್ಕಾರವೇ ಇನ್ನೊಂದು ಕೈಯಲ್ಲಿ ಹಳ್ಳಿಗೆ ಹಣ ಹರಿಸಲು ಹೊರಟಿತ್ತು. 1969ರ ಜುಲೈ 19ರಂದು ರಾಷ್ಟ್ರೀಕರಣವಾದ 14 ಬ್ಯಾಂಕುಗಳಲ್ಲಿ ನಮ್ಮ ನಾಡಿನ ಕೆನರಾ, ಸಿಂಡಿಕೇಟ್ ಎರಡೂ ಇದ್ದವು. 1975ರ ಅಕ್ಟೋಬರ್ 2ರಂದು ದೇಶದ ಮೊದಲ ಐದು ಗ್ರಾಮೀಣ ಬ್ಯಾಂಕುಗಳು ತೆರೆದವು. ಗ್ರಾಮೀಣ ಬ್ಯಾಂಕಿಗೂ ನಮ್ಮ ಶಾಲೆಗೂ ಒಂದೇ ವಯಸ್ಸು.

ಈಗ ಇಂದಿಗೆ ಬರೋಣ. ನಮ್ಮೂರ ಕೆರೆಗೆ ತೂಬು ಇರುವ ಹಾಗೆ ಹಣಕ್ಕೂ ತೂಬುಗಳಿವೆ. ಒಂದು ತೂಬು ಮುಂಬೈಯ ರಿಸರ್ವ್ ಬ್ಯಾಂಕಿನ ಕೈಯಲ್ಲಿದೆ. ಬ್ಯಾಂಕುಗಳಿಗೆ ಅದು ಅಲ್ಪಾವಧಿಗೆ ಸಾಲ ಕೊಡುವ ಬಡ್ಡಿಗೆ ರೆಪೊ ದರ ಎನ್ನುತ್ತಾರೆ. ಆರು ಮಂದಿಯ ಸಮಿತಿ ಕೂತು ಅದನ್ನು ತೀರ್ಮಾನಿಸುತ್ತದೆ. ಬೆಲೆಯೇರಿಕೆ ಶೇ. 4ರ ಆಸುಪಾಸಿನಲ್ಲಿರಬೇಕು, 6 ಮೀರಬಾರದು, 2ಕ್ಕಿಂತ ಕೆಳಗಿಳಿಯಬಾರದು ಎಂಬುದು ಅದಕ್ಕೆ ಕೊಟ್ಟ ಗುರಿ. ಕೋವಿಡ್ ಕಾಲದಲ್ಲಿ ರೆಪೊ ಶೇ. 4 ಇತ್ತು. 2022ರ ಮೇ ತಿಂಗಳಿಂದ ಏರುತ್ತಾ 2023ರ ಫೆಬ್ರುವರಿಗೆ 6.5 ಆಯಿತು. 2025ರ ಜೂನ್ ಹೊತ್ತಿಗೆ ಮತ್ತೆ 5.5ಕ್ಕೆ ಇಳಿಯಿತು.

ಇದರಿಂದ ನಮಗೇನು ಅನ್ನುತ್ತೀರಿ. ಪಟ್ಟಣದಲ್ಲಿ ಮನೆ ಕಟ್ಟಿಸಿದ ನಮ್ಮ ಹಳೆಯ ವಿದ್ಯಾರ್ಥಿಗಳನ್ನು ಕೇಳಿ. 20 ಲಕ್ಷ ರೂಪಾಯಿ ಸಾಲ, 20 ವರ್ಷದ ಅವಧಿ. ಬಡ್ಡಿ ಶೇ. 7 ಇದ್ದಾಗ ತಿಂಗಳ ಕಂತು ಸುಮಾರು 15,500 ರೂಪಾಯಿ. ಬಡ್ಡಿ 9.5 ಆದರೆ ಅದೇ ಕಂತು ಸುಮಾರು 18,600. ಮನೆಯೊಡತಿಗೆ ಸರ್ಕಾರ ಕೊಡುವ 2,000ಕ್ಕಿಂತ ಹೆಚ್ಚು ಹಣ ಅದೇ ಮನೆಯಿಂದ ಸದ್ದಿಲ್ಲದೆ ಹೊರಗೆ ಹೋಯಿತು. ಬಹಳ ಕಡೆ ಕಂತು ಏರಿಸದೆ ಸಾಲದ ವರ್ಷ ಹಿಗ್ಗಿಸಿದ್ದರಿಂದ ಇದು ಎಷ್ಟೋ ಮಂದಿಗೆ ಗೊತ್ತೇ ಆಗಲಿಲ್ಲ. ಇಲ್ಲಿರುವ ನೌಕರ ಮಿತ್ರರು ನಾಳೆಯೇ ಹೋಗಿ ತಮ್ಮ ಸಾಲದ ಖಾತೆಯಲ್ಲಿ ಉಳಿದ ಕಂತು ಎಷ್ಟೆಂದು ನೋಡಿಕೊಳ್ಳುವುದು ಒಳ್ಳೆಯದು.

ಆದರೆ ಈ ತೂಬಿನ ನೀರು ಎಲ್ಲ ಹೊಲಕ್ಕೂ ಸಮನಾಗಿ ಹರಿಯುವುದಿಲ್ಲ. ಸೊಸೈಟಿಯ ಬೆಳೆಸಾಲಕ್ಕೆ ನಮ್ಮ ರಾಜ್ಯದಲ್ಲಿ ಬಡ್ಡಿಯೇ ಇಲ್ಲ. 2023ರಲ್ಲಿ ಅದರ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರು. ಬಡ್ಡಿಯನ್ನು ರೈತನ ಬದಲು ರಾಜ್ಯದ ಖಜಾನೆ ಕಟ್ಟುತ್ತದೆ. ಆದ್ದರಿಂದ ರೆಪೊ ಏರಿದರೂ ಇಳಿದರೂ ಆ ರೈತನಿಗೆ ತಟ್ಟುವುದಿಲ್ಲ. ಇತ್ತ ವಾರ ವಾರ ಮನೆ ಬಾಗಿಲಿಗೆ ಬರುವ ಮೈಕ್ರೋಫೈನಾನ್ಸ್ ಸಾಲ ನೋಡಿ, ಬಡ್ಡಿ ನೂರಕ್ಕೆ 20 ದಾಟಿರುತ್ತದೆ. ಆ ಬಡ್ಡಿಗಿದ್ದ ಮಿತಿಯನ್ನು ರಿಸರ್ವ್ ಬ್ಯಾಂಕು 2022ರಲ್ಲಿ ತೆಗೆದುಹಾಕಿತು. ವಸೂಲಿಯ ಕಿರುಕುಳ ತಾಳಲಾರದಷ್ಟಾದಾಗ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ರೆಪೊ ಒಂದು ಶೇಕಡ ಇಳಿದರೆ ಪೇಟೆಯ ಸಂಬಳದಾರನಿಗೆ ಲಾಭ. ಕೂಲಿ ಮಾಡಿ ಕಂತು ಕಟ್ಟುವ ತಾಯಿಗೆ ಆ ಸುದ್ದಿಯೂ ಮುಟ್ಟುವುದಿಲ್ಲ. ಅಗ್ಗದ ಸಾಲ ಯಾರಿಗೆ ಹೆಚ್ಚು ಬೇಕೋ ಅವರೇ ಈ ತೂಬಿಗೆ ಅತಿ ದೂರ. ನನ್ನ ಕೆಲಸದ ವರ್ಷಗಳಲ್ಲಿ ಇದಕ್ಕಿಂತ ಹೆಚ್ಚು ಬೇಸರ ತಂದ ಸಂಗತಿ ಇನ್ನೊಂದಿಲ್ಲ.

ಇನ್ನು ಕೆಲವು ಬೆಲೆಗಳು ಬಡ್ಡಿಗೆ ಬಗ್ಗುವುದೇ ಇಲ್ಲ. 2023ರ ಜುಲೈನಲ್ಲಿ ಟೊಮೆಟೊ ಕಿಲೋಗೆ 100 ರೂಪಾಯಿ ದಾಟಿದ್ದು ನೆನಪಿರಬೇಕು. ಮುಂಬೈಯಲ್ಲಿ ಬಡ್ಡಿ ಏರಿಸಿದರೆ ಕೋಲಾರದಲ್ಲಿ ಟೊಮೆಟೊ ಬೇಗ ಹಣ್ಣಾಗುತ್ತದೆಯೇ? ರಿಸರ್ವ್ ಬ್ಯಾಂಕಿಗೂ ಅದು ಗೊತ್ತಿತ್ತು. ಆಗಸ್ಟಿನಲ್ಲಿ ದರವನ್ನು ಮುಟ್ಟದೆ ಬಿಟ್ಟಿತು.

ಅದೇ ಬೇಸಿಗೆಯ ಕೊನೆಯಲ್ಲಿ ನಡೆದ ಅಕ್ಕಿಯ ಕಥೆ ಸ್ವಲ್ಪ ವಿವರವಾಗಿ ಹೇಳಬೇಕು. ಸರ್ಕಾರದ ಒಂದು ನೀತಿ ಇನ್ನೊಂದಕ್ಕೆ ಹೇಗೆ ಅಡ್ಡಬರುತ್ತದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಅನ್ನಭಾಗ್ಯದಲ್ಲಿ ತಲೆಗೆ ಹೆಚ್ಚುವರಿ 5 ಕಿಲೋ ಅಕ್ಕಿ ಕೊಡುತ್ತೇವೆಂದು ರಾಜ್ಯ ಸರ್ಕಾರ ಹೇಳಿತು. ಅಕ್ಕಿಯನ್ನು ಕೇಂದ್ರದ ಆಹಾರ ನಿಗಮದಿಂದ ಕಿಲೋಗೆ 34 ರೂಪಾಯಿಗೆ ಕೊಳ್ಳುವ ಯೋಚನೆ ಇತ್ತು. ಆದರೆ 2023ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ರಾಜ್ಯಗಳಿಗೆ ಆ ಮಾರಾಟವನ್ನೇ ನಿಲ್ಲಿಸಿತು. ಮಾರುಕಟ್ಟೆಯಲ್ಲಿ ಬೆಲೆ ಏರದಂತೆ ನೋಡಿಕೊಳ್ಳಲು ದಾಸ್ತಾನು ಬೇಕು ಎಂಬುದು ಅದರ ಕಾರಣ. ಜುಲೈನಲ್ಲಿ ಬಿಳಿ ಅಕ್ಕಿಯ ರಫ್ತನ್ನೂ ನಿಲ್ಲಿಸಿತು. ಅಲ್ಲಿ ಬೆಲೆಯೇರಿಕೆಯ ಚಿಂತೆ, ಇಲ್ಲಿ ಕಲ್ಯಾಣದ ಮಾತು. ಇದರಲ್ಲಿ ರಾಜಕೀಯ ಇರಲಿಲ್ಲವೆಂದು ನಾನು ಹೇಳುವುದಿಲ್ಲ. ಎರಡರ ನಡುವೆ ನಮ್ಮ ನ್ಯಾಯಬೆಲೆ ಅಂಗಡಿಗೆ ಬರಬೇಕಿದ್ದ ಅಕ್ಕಿ ಬರಲಿಲ್ಲ. ಅದರ ಬದಲು ತಲೆಗೆ 170 ರೂಪಾಯಿ ಖಾತೆಗೆ ಬಂತು. ಆ ಹಣಕ್ಕೆ ಅಂಗಡಿಯಲ್ಲಿ 5 ಕಿಲೋ ಒಳ್ಳೆಯ ಅಕ್ಕಿ ಸಿಕ್ಕಿತೇ ಎಂದು ಇಲ್ಲಿರುವ ತಾಯಂದಿರನ್ನು ಕೇಳಿದರೆ ನಕ್ಕುಬಿಡುತ್ತಾರೆ. ಮುಂದೆ ಕೇಂದ್ರದ ಗೋದಾಮುಗಳು ತುಂಬಿ, 2025ರ ಆರಂಭದಲ್ಲಿ ಹಣದ ಬದಲು ಮತ್ತೆ ಅಕ್ಕಿಯೇ ಬಂತು.

ಈಗ ಕಟ್ಟೆಯ ವಾದಕ್ಕೆ ಬರುತ್ತೇನೆ. ರಾಜ್ಯದ 2025-26ರ ಬಜೆಟ್ ಸುಮಾರು 4.09 ಲಕ್ಷ ಕೋಟಿ ರೂಪಾಯಿಯದು. ಐದು ಗ್ಯಾರಂಟಿಗಳಿಗೆ ಇಟ್ಟದ್ದು ಸುಮಾರು 51,000 ಕೋಟಿ. ಎಂಟು ರೂಪಾಯಿಯಲ್ಲಿ ಒಂದು ಎಂದುಕೊಳ್ಳಿ. ಇದರಲ್ಲಿ ಅರ್ಧಕ್ಕಿಂತ ಹೆಚ್ಚು ಗೃಹಲಕ್ಷ್ಮಿಗೆ. ಈ ಹಣ ಎಲ್ಲಿಗೆ ಹೋಗುತ್ತದೆ? ಶ್ರೀಮಂತನಿಗೆ 2,000 ಕೊಟ್ಟರೆ ಅದು ಬ್ಯಾಂಕಿನಲ್ಲೇ ಮಲಗುತ್ತದೆ. ಬಡ ಮನೆಗೆ ಕೊಟ್ಟರೆ ವಾರದೊಳಗೆ ಸಂತೆಗೆ ಬರುತ್ತದೆ. ಕಿರಾಣಿ ಅಂಗಡಿ, ಔಷಧಿ, ಸಂಘದ ಕಂತು, ಮೊಮ್ಮಗುವಿನ ಅಂಗಿ. ಅಂಗಡಿಯವನು ಅದನ್ನು ಕೂಲಿಯವನಿಗೆ ಕೊಡುತ್ತಾನೆ, ಕೂಲಿಯವನು ತರಕಾರಿಯವಳಿಗೆ. ಒಂದು ರೂಪಾಯಿ ನಾಲ್ಕು ಕೈ ಸುತ್ತುತ್ತದೆ. 2023ರ ಜೂನ್ 11ರಿಂದ ಬಸ್ಸು ಉಚಿತವಾದ ಮೇಲೆ ತಾಲ್ಲೂಕು ಕೇಂದ್ರದ ಗಾರ್ಮೆಂಟ್ಸ್‌ಗೆ ಹೋಗುವ ನಮ್ಮೂರ ಹೆಣ್ಣುಮಕ್ಕಳಿಗೆ ಉಳಿಯುವ ಬಸ್ ಚಾರ್ಜನ್ನೂ ಲೆಕ್ಕಕ್ಕೆ ಹಿಡಿಯಬೇಕು.

"ತೆರಿಗೆ ಕಟ್ಟುವವರ ದುಡ್ಡು ಕಟ್ಟದವರಿಗೆ" ಎಂಬ ಮಾತು ನನಗೆ ಒಪ್ಪಿಗೆಯಾಗುವುದಿಲ್ಲ. ಸೋಪು, ಪೇಸ್ಟಿನ ಮೇಲೆ 2025ರ ಸೆಪ್ಟೆಂಬರ್ 21ರವರೆಗೆ ಶೇ. 18 ಜಿಎಸ್‌ಟಿ ಇತ್ತು. ಆಮೇಲೆ 5ಕ್ಕೆ ಇಳಿಯಿತು. ಸೋಪು ಕೊಂಡ ಪ್ರತಿಯೊಬ್ಬರೂ, ಕೂಲಿಯ ತಾಯಿಯೂ, ತೆರಿಗೆ ಕಟ್ಟಿದ್ದಾರೆ. ಆದಾಯ ತೆರಿಗೆ ಒಂದೇ ತೆರಿಗೆಯಲ್ಲ.

ಹಾಗೆಂದು ಹಣ ಆಕಾಶದಿಂದ ಉದುರುವುದೂ ಇಲ್ಲ. ರಾಜ್ಯಕ್ಕೆ ನೋಟು ಮುದ್ರಿಸುವ ಅಧಿಕಾರವಿಲ್ಲ. 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ಬಹುಪಾಲು ಸರಕಿನ ತೆರಿಗೆ ದರವನ್ನು ರಾಜ್ಯವೊಂದೇ ಬದಲಿಸುವಂತಿಲ್ಲ. ಅದರ ಕೈಯಲ್ಲಿ ಉಳಿದದ್ದು ಮುಖ್ಯವಾಗಿ ಪೆಟ್ರೋಲು, ಡೀಸೆಲ್, ಮದ್ಯ, ಆಸ್ತಿ ನೋಂದಣಿ, ವಾಹನ ತೆರಿಗೆ. ಹಣ ಬೇಕಾದಾಗಲೆಲ್ಲ ಏಟು ಬೀಳುವುದು ಅಲ್ಲೇ. 2024ರ ಜೂನ್‌ನಲ್ಲಿ ಪೆಟ್ರೋಲು ಲೀಟರಿಗೆ 3 ರೂಪಾಯಿ ಏರಿದ್ದು, 2025ರ ಜನವರಿಯಲ್ಲಿ ಬಸ್ ದರ ಶೇ. 15 ಏರಿದ್ದು ಸುಮ್ಮನೆ ಅಲ್ಲ. ಹೆಂಡತಿಗೆ ಟಿಕೆಟ್ ಇಲ್ಲ, ಗಂಡನ ಟಿಕೆಟ್ ದುಬಾರಿ ಎಂದು ಕಂಡಕ್ಟರೊಬ್ಬರು ನನಗೆ ಹೇಳಿ ನಕ್ಕರು. ಉಳಿದದ್ದಕ್ಕೆ ಸಾಲ. ರಾಜ್ಯದ ಹಣಕಾಸು ಹೊಣೆಗಾರಿಕೆ ಕಾಯ್ದೆಯ ಪ್ರಕಾರ ವಿತ್ತೀಯ ಕೊರತೆ ರಾಜ್ಯದ ಉತ್ಪನ್ನದ ಶೇ. 3 ಮೀರಬಾರದು, ಒಟ್ಟು ಸಾಲದ ಹೊರೆ 25 ಮೀರಬಾರದು. 2025-26ರ ಬಜೆಟ್ಟಿನಲ್ಲಿ ಇವೆರಡು 2.95 ಮತ್ತು 24.91. ಗೆರೆ ದಾಟಿಲ್ಲ, ಆದರೆ ಹೆಬ್ಬೆರಳು ಗೆರೆಯ ಮೇಲಿದೆ.

ಹೀಗೆ ಗೆರೆಯ ಮೇಲೆ ನಿಂತವನು ಮೊದಲು ಯಾವುದನ್ನು ಕೈಬಿಡುತ್ತಾನೆ? ತಿಂಗಳ ಹಣ ತಡವಾದರೆ ಮರುದಿನವೇ ಗಲಾಟೆಯಾಗುತ್ತದೆ. ಶಾಲೆಯ ಚಾವಣಿ ಸೋರಿದರೆ, ಮೇಷ್ಟ್ರ ಹುದ್ದೆ ಖಾಲಿ ಬಿದ್ದರೆ ಯಾರೂ ರಸ್ತೆ ತಡೆಯುವುದಿಲ್ಲ. ಆದ್ದರಿಂದ ಕೈಬಿಡುವುದು ಇವುಗಳನ್ನೇ. ಇದು ಗ್ಯಾರಂಟಿಗಳಿಂದ ಶುರುವಾದ ರೋಗವಲ್ಲ, ಅದಕ್ಕೂ ಮುಂಚಿನಿಂದ ಇರುವಂಥದ್ದು. ಗ್ಯಾರಂಟಿ ನಿಲ್ಲಿಸಿದ ಮಾತ್ರಕ್ಕೆ ಆ ಹಣ ಶಾಲೆಗೇ ಬರುತ್ತದೆ ಎಂಬ ಭರವಸೆ ನನಗಿಲ್ಲ. ಆದರೆ ಕೈ ಬಿಗಿಯಾದಷ್ಟೂ ರೋಗ ಬಲಿಯುತ್ತದೆ.

ನಮ್ಮ ಶಾಲೆಯಲ್ಲಿ ಈಗ ಗಣಿತವನ್ನು ಅತಿಥಿ ಶಿಕ್ಷಕರು ನಡೆಸುತ್ತಿದ್ದಾರೆ ಎಂದು ಬೆಳಿಗ್ಗೆ ಕೇಳಿದೆ. ಆ ಹುಡುಗನ ಶ್ರದ್ಧೆಯ ಬಗ್ಗೆ ಎಲ್ಲರೂ ಮೆಚ್ಚಿ ಮಾತಾಡಿದರು. ಆದರೆ ಮುಂದಿನ ವರ್ಷ ಅವರೇ ಇರುತ್ತಾರೆಂದು ಯಾರೂ ಹೇಳಲಾರರು. ಇದನ್ನು ನೋಡಿ ಒಬ್ಬ ತಾಯಿ ಮಗಳನ್ನು ಪಟ್ಟಣದ ಖಾಸಗಿ ಶಾಲೆಗೆ ಸೇರಿಸುತ್ತಾಳೆ, ವ್ಯಾನಿಗೆ ಗೃಹಲಕ್ಷ್ಮಿಯ ಹಣ ಕಟ್ಟುತ್ತಾಳೆ. ಸರ್ಕಾರ ಒಂದು ಕಡೆ ಕೊಟ್ಟ 2,000 ರೂಪಾಯಿ, ಅದೇ ಸರ್ಕಾರ ಇನ್ನೊಂದು ಕಡೆ ಕೊಡದೆ ಬಿಟ್ಟ ಗಣಿತದ ಮೇಷ್ಟ್ರಿಗಾಗಿ ಖರ್ಚಾಯಿತು. ಆ ಮನೆಯ ಪಾಸ್‌ಬುಕ್ಕಿನಲ್ಲಿ ಸಹಾಯ ಬಂದದ್ದು ಕಾಣುತ್ತದೆ, ಮನೆಯಲ್ಲಿ ಕಾಣುವುದಿಲ್ಲ. 2,000 ರೂಪಾಯಿಗೆ ಅಕ್ಕಿ ಕೊಳ್ಳಬಹುದು, ಔಷಧಿ ಕೊಳ್ಳಬಹುದು. ಹತ್ತು ಮನೆಯವರು ಹಣ ಸೇರಿಸಿದರೂ ಒಂದು ಪ್ರೌಢಶಾಲೆ ಕೊಳ್ಳಲಾಗುವುದಿಲ್ಲ.

ಈ ಶಾಲೆಯೊಳಗೇ ನಡೆದ ಕಲ್ಯಾಣ ಯೋಜನೆಗಳು ನಿಮಗೆ ಗೊತ್ತು. ಮಧ್ಯಾಹ್ನದ ಬಿಸಿಯೂಟ ಮೊದಲು ಪ್ರಾಥಮಿಕ ಶಾಲೆಗೆ ಬಂದು ಆಮೇಲೆ ಒಂಬತ್ತು, ಹತ್ತನೆಯ ತರಗತಿಗೂ ವಿಸ್ತರಿಸಿತು. 2006-07ರಲ್ಲಿ ಎಂಟನೆಯ ತರಗತಿಗೆ ಸೈಕಲ್ ಶುರುವಾಯಿತು, ಕೋವಿಡ್ ಕಾಲದಲ್ಲಿ ನಿಂತಿತು. ಇವು ಯಾರ ಕೈಗೂ ನಗದು ಕೊಟ್ಟವಲ್ಲ. ಮಗುವನ್ನು ಶಾಲೆಯ ಗೇಟಿನೊಳಗೆ ತಂದವು. ಗೇಟಿನೊಳಗೆ ಬಂದ ಮಗುವಿಗೆ ಪಾಠ ಹೇಳುವವರು ಇರಬೇಕು, ನಾನು ಕೇಳುವುದು ಅಷ್ಟೇ. ನಗದನ್ನು ನಿಲ್ಲಿಸಿ ಎನ್ನುವುದಿಲ್ಲ. ವೃದ್ಧೆಯರ, ಒಂಟಿ ಹೆಂಗಸರ ಖಾತೆಗೆ ಆ ಹಣ ಬಿದ್ದ ದಿನ ಬ್ಯಾಂಕಿನ ಮುಂದಿನ ಸಾಲು ನೋಡಿದವನು ನಿಲ್ಲಿಸಿ ಎನ್ನಲಾರ.

ಮಾರ್ಚಿ ಹೊತ್ತಿಗೆ ಮುಂದಿನ ಬಜೆಟ್ ಬರುತ್ತದೆ. ಬಜೆಟ್ ಭಾಷಣ ಕನ್ನಡದಲ್ಲೇ ಸಿಗುತ್ತದೆ. ಈ ಸಲದ್ದರಲ್ಲಿ ಶಿಕ್ಷಣದ ಪುಟಗಳನ್ನು ಪ್ರಿಂಟ್ ತೆಗೆಸಿ ಮುಖ್ಯೋಪಾಧ್ಯಾಯರಿಗೆ ಕೊಟ್ಟಿದ್ದೇನೆ, ಲೈಬ್ರರಿಯಲ್ಲಿ ಇಡುತ್ತಾರೆ. ಗ್ರಾಮಸಭೆಗೆ ಹೋಗುವವರು ಒಮ್ಮೆ ಓದಿಕೊಂಡು ಹೋಗಿ. ಹಳೆಯ ವಿದ್ಯಾರ್ಥಿಗಳ ಸಂಘ ಬಣ್ಣ ಬಳಿಸಿದೆ, ಬೆಂಚು ಕೊಡಿಸಿದೆ, ಸಂತೋಷ. ಅದರ ಜೊತೆಗೆ ಖಾಲಿ ಹುದ್ದೆಯ ಅರ್ಜಿಯನ್ನೂ ಸಂಘದ ಹೆಸರಿನಲ್ಲಿ ಕೊಡಬೇಕೆಂದು ಅಧ್ಯಕ್ಷರಲ್ಲಿ ಕೇಳಿದ್ದೇನೆ. ಕರಡು ನನ್ನ ಜೇಬಿನಲ್ಲಿದೆ. ಊಟವಾದ ಮೇಲೆ ಹತ್ತನೆಯ ತರಗತಿಯ ಕೋಣೆಯಲ್ಲಿ ಕೂತಿರುತ್ತೇನೆ, ಸಹಿ ಹಾಕುವವರು, ಸಾಲದ ಕಂತಿನ ಲೆಕ್ಕ ಕೇಳುವವರು ಅಲ್ಲಿಗೆ ಬನ್ನಿ.